ಹತ್ತು ಗಂಟೆಗೆ ಡ್ಯೂಟಿಗೆ ಬರುವ ವೈರಸ್

2022ರ ಜನವರಿ. ಕೊರೊನಾ ತಡೆಗೆಂದು ರಾಜ್ಯದಲ್ಲಿ ಮತ್ತೆ ನೈಟ್ ಕರ್ಫ್ಯೂ. ರಾತ್ರಿ 10ರಿಂದ ಬೆಳಗ್ಗೆ 5. ಸಾಲದ್ದಕ್ಕೆ ವೀಕೆಂಡ್ ಕರ್ಫ್ಯೂ ಬೇರೆ. ಟೀವಿಯವರಿಗೆ ಹಬ್ಬ, 'ಟಫ್ ರೂಲ್ಸ್ ಫಿಕ್ಸ್' ಅಂತ ಬೆಳಗಿನಿಂದ ಅರಚುತ್ತಿದ್ದರು.

ಕೊರೊನಾದ ಸ್ವಭಾವವನ್ನು ನಮ್ಮ ಸರ್ಕಾರ ಅರಿತಷ್ಟು ಯಾವ ವಿಜ್ಞಾನಿಯೂ ಅರಿತಿರಲಿಲ್ಲ. ಹಗಲಿಡೀ ಮೆಜೆಸ್ಟಿಕ್‌ನಲ್ಲಿ, ಒಂಟಿ ಕಾಲಲ್ಲಿ ನಿಲ್ಲಬೇಕಾದ ಬಿಎಂಟಿಸಿ ಬಸ್ಸಿನಲ್ಲಿ ಅದು ಗಪ್‌ಚುಪ್. ಗಂಟೆ ಹತ್ತು ಹೊಡೆದದ್ದೇ ತಡ, ಖಾಲಿ ರಸ್ತೆಯಲ್ಲಿ ಒಬ್ಬನೇ ಸ್ಕೂಟರಿನಲ್ಲಿ ಮನೆಗೆ ಹೊರಟವನ ಕೊರಳಪಟ್ಟಿ ಹಿಡಿಯುತ್ತಿತ್ತು. 2020ರ ಡಿಸೆಂಬರ್ ನೆನಪಿದೆಯಲ್ಲ? ಕರ್ಫ್ಯೂ ಹತ್ತಕ್ಕೆ ಅಂದರು, ಆಮೇಲೆ ಹನ್ನೊಂದಕ್ಕೆ ಅಂದರು, ಶುರುವಾಗಲು ಇನ್ನು ಕೆಲವೇ ಗಂಟೆ ಇರುವಾಗ ವಾಪಸ್ ತೆಗೆದುಕೊಂಡರು. ಪಾಪ, ವೈರಸ್ ಆ ರಾತ್ರಿ ಯಾವ ಸುತ್ತೋಲೆ ನೋಡಿಕೊಂಡು ಓಡಾಡಿತೋ!

ಮಾಸ್ಕ್ ದಂಡದ್ದೂ ಅದೇ ಕಥೆ. ಒಂದು ಸಾವಿರ ಅಂದವರು ಜನ ರೇಗಿದ ಕೂಡಲೇ ಇನ್ನೂರೈವತ್ತಕ್ಕೆ ಇಳಿದರು. ಸಂಜೆ ಹೊತ್ತಿಗೆ ಉಳಿದ ಸೊಪ್ಪಿನ ಕಟ್ಟಿಗೂ ಅಷ್ಟು ರಿಯಾಯಿತಿ ಸಿಗುವುದಿಲ್ಲ. ದಂಡ ಹಾಕುತ್ತಿದ್ದ ಮಾರ್ಷಲ್‌ಗಳನ್ನು ಗಮನಿಸಿದ್ದಿರಾ? 'ಮಾಸ್ಕ್ ಎಲ್ರೀ?' ಅಂತ ಗದರಿಸುವ ಮೊದಲು ತಮ್ಮದನ್ನು ಗದ್ದಕ್ಕೆ ಎಳೆದುಕೊಳ್ಳುತ್ತಿದ್ದರು. ಇಲ್ಲದಿದ್ದರೆ ದನಿಗೆ ಗತ್ತು ಎಲ್ಲಿಂದ ಬರಬೇಕು!

ಜನರೇನು ಸಾಮಾನ್ಯರೇ? 2020ರ ಮೇ 4ರಂದು ಮದ್ಯದಂಗಡಿ ಬಾಗಿಲು ತೆರೆದಾಗ ಕಾಯಿ ಒಡೆದು ಪೂಜೆ ಮಾಡಿದವರು ನಾವು. ಅಂತರ ಕಾಪಾಡಿ ಎಂದು ಬಳಿದ ಸುಣ್ಣದ ವೃತ್ತಗಳಲ್ಲಿ ಚಪ್ಪಲಿ, ಚೀಲಗಳನ್ನು ನಿಲ್ಲಿಸಿ, ನಾವು ಮಾತ್ರ ಪಕ್ಕದ ನೆರಳಲ್ಲಿ ಮೈಗೆ ಮೈ ತಾಗಿಸಿ ಹರಟಿದೆವು. ಚಪ್ಪಲಿಗಳ ಶಿಸ್ತು ಮೆಚ್ಚಬೇಕು. ಒಂದಕ್ಕೂ ಸೋಂಕು ತಗುಲಿದ ವರದಿಯಿಲ್ಲ. ಅದಕ್ಕೂ ಮೊದಲು ತಟ್ಟೆ ಬಡಿದಿದ್ದೆವು, ದೀಪ ಹಚ್ಚಿದ್ದೆವು. ಯಾರಿಗೆ ಫೋನ್ ಮಾಡಿದರೂ ಆ ಕಡೆಯವರಿಗಿಂತ ಮೊದಲು ಕೊರೊನಾ ಜಾಗೃತಿಯ ಕಾಲರ್ ಟ್ಯೂನಿನಲ್ಲಿ ಯಾರೋ ಪುಣ್ಯಾತ್ಮ ಕೆಮ್ಮುತ್ತಿದ್ದ. ಸಾವಿನ ಸುದ್ದಿ ತಿಳಿಸಲು ಮಾಡಿದ ಕರೆಗೂ ಅವನದೇ ಕೆಮ್ಮು. ಅವನಿಗೆ ವಾಸಿಯಾಯಿತೋ ಇಲ್ಲವೋ, ಯಾರೂ ವಿಚಾರಿಸಲಿಲ್ಲ.

ಆಗ ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ಸಿನವರೂ ಕಮ್ಮಿಯಿರಲಿಲ್ಲ. ವೀಕೆಂಡ್ ಕರ್ಫ್ಯೂ ಇದ್ದ ಭಾನುವಾರವೇ ಮೇಕೆದಾಟು ಪಾದಯಾತ್ರೆ ಹೊರಟರು. ಕೇಸು ಹಾಕಿದ ಸರ್ಕಾರದ ಪಕ್ಷ ಬಿಜೆಪಿ 2021ರ ಏಪ್ರಿಲ್‌ನ ಉಪಚುನಾವಣೆ ಪ್ರಚಾರದಲ್ಲಿ ಎಷ್ಟು ಅಂತರ ಕಾಪಾಡಿತ್ತೆಂದು ಬೆಳಗಾವಿಯವರನ್ನು ಕೇಳಿ.

ನಗಬಹುದು, ನಕ್ಕೆವು. ಆದರೆ ಚಾಮರಾಜನಗರ? 2021ರ ಮೇ ಮೊದಲ ವಾರ, ಜಿಲ್ಲಾಸ್ಪತ್ರೆಯಲ್ಲಿ ಒಂದು ದಿನದೊಳಗೆ 24 ಜನ ಸತ್ತರು. ಆಮ್ಲಜನಕದ ಸಿಲಿಂಡರ್ ಮೈಸೂರಿನಿಂದ ಬರಬೇಕಿತ್ತು. ತಡೆದವರು ಯಾರು ಎಂದು ಆಮೇಲೆ ಎರಡು ಜಿಲ್ಲೆಯ ಅಧಿಕಾರಿಗಳು ಒಬ್ಬರ ಮೇಲೊಬ್ಬರು ಹಾಕಿದರು. ಜುಲೈನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ ಉತ್ತರ ಕೊಟ್ಟಿತು: ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದೆ ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಅಷ್ಟೇ. ಹಾಗಾದರೆ ಆ ವಾರ್ಡಿನಲ್ಲಿ ಗಂಡನ ಬಾಯಿಗೆ ಸೆರಗಿನಿಂದ ಗಾಳಿ ಬೀಸುತ್ತ ಕೂತವರು ಏನನ್ನು ಕಂಡರು?

ಆ ರಾತ್ರಿಯೂ ರಾಜ್ಯದಲ್ಲಿ ಕರ್ಫ್ಯೂ ಇತ್ತು ಸ್ವಾಮಿ. ಕಟ್ಟುನಿಟ್ಟಾಗಿಯೇ ಇತ್ತು.