ಪರ-ವಿರೋಧ: ಕುರಿಮಂದೆ ನಿಂತ ಗದ್ದೆಗೆ ಯೂರಿಯಾ ಬೇಡವೇ?

ಸುಗ್ಗಿ ಮುಗಿದು ಗದ್ದೆಯಲ್ಲಿ ಕೂಳೆ ಮಾತ್ರ ಉಳಿದಾಗ ಮಳವಳ್ಳಿ, ಬನ್ನೂರು, ತಿರುಮಕೂಡಲು ನರಸೀಪುರದ ಕಡೆ ರೈತರು ಕುರಿಮಂದೆ ನಿಲ್ಲಿಸುತ್ತಾರೆ. ಒಂದು ರಾತ್ರಿಗೆ ಇಷ್ಟು ಎಂದು ದುಡ್ಡನ್ನೋ ಭತ್ತ, ರಾಗಿಯನ್ನೋ ಕೊಡುತ್ತಾರೆ. ಹಾಗೆ ಮಂದೆ ನಿಂತ ನೆಲಕ್ಕೆ ಮತ್ತೆ ಯೂರಿಯಾ ಚೀಲ ಹೊರಬೇಕೇ?

ಪರ: ಕುರಿ ಕೊಟ್ಟಿದ್ದು ಸಾಕು

ನಮ್ಮ ತಂದೆ ಮಂದೆ ನಿಂತಿದ್ದ ತಾಕನ್ನು ರಸ್ತೆಯಿಂದಲೇ ಗುರುತಿಸುತ್ತಿದ್ದರು. ಅಲ್ಲಿ ಪೈರು ಕಪ್ಪಗೆ, ಎಲೆ ಅಗಲವಾಗಿ ನಿಂತಿರುತ್ತಿತ್ತು. ಅದನ್ನು ಕಣ್ಣಾರೆ ನೋಡಿ ಬೆಳೆದವನು ನಾನು. ಯೂರಿಯಾಕ್ಕೆ ಸಾಲಿನಲ್ಲಿ ನಿಲ್ಲುವಾಗಲೆಲ್ಲ ಆ ತಾಕು ನೆನಪಾಗುತ್ತದೆ.

ಯೂರಿಯಾ ಪೈರಿಗೆ ಕೊಡುವುದು ಸಾರಜನಕವನ್ನು. ಕುರಿ ತಾನು ತಿಂದ ಸಾರಜನಕದಲ್ಲಿ ಉಳಿಸಿಕೊಳ್ಳುವುದು ಬಹಳ ಕಡಿಮೆ. ಮಾಂಸಕ್ಕೆ, ತುಪ್ಪಟಕ್ಕೆ, ಮರಿಯ ಹಾಲಿಗೆ ಒಂದಿಷ್ಟು ಸೇರುತ್ತದೆ. ಮುಕ್ಕಾಲು ಪಾಲಿಗೂ ಹೆಚ್ಚು ಹಿಕ್ಕೆಯಲ್ಲಿ, ಮೂತ್ರದಲ್ಲಿ ಹೊರಗೆ ಬರುತ್ತದೆ. ಮೂತ್ರದಲ್ಲಿರುವ ಸಾರಜನಕದ ಬಹುಪಾಲು ಯೂರಿಯಾ ರೂಪದಲ್ಲಿಯೇ ಇರುತ್ತದೆ. ಕಾರ್ಖಾನೆಯ ಚೀಲದಲ್ಲಿ ಬರುವುದೂ ಅದೇ ವಸ್ತು. ಬೇರಿಗೆ ಇವೆರಡರಲ್ಲಿ ಭೇದವಿಲ್ಲ.

ಕುರಿಯನ್ನು ರೊಪ್ಪದಲ್ಲಿ ಕೂಡಿ ಹಿಕ್ಕೆ ಗುಡಿಸಿ ತಿಪ್ಪೆಗೆ ಹಾಕಿದರೆ ಮೂತ್ರವೆಲ್ಲ ರೊಪ್ಪದ ನೆಲಕ್ಕೇ ಇಳಿದು ಹೋಗುತ್ತದೆ. ಮಂದೆ ನಿಲ್ಲಿಸಿದರೆ ಅದು ನೇರವಾಗಿ ಗದ್ದೆಗೆ ಬೀಳುತ್ತದೆ. ಗಾಡಿಯ ಬಾಡಿಗೆ ಇಲ್ಲ, ಎರಚುವ ಆಳಿನ ಕೂಲಿ ಇಲ್ಲ. ಗೊಬ್ಬರ ತನ್ನ ಕಾಲ ಮೇಲೆ ನಡೆದು ಬಂದು ತಾನೇ ಹರಡಿಕೊಳ್ಳುತ್ತದೆ. ಮೂತ್ರದಲ್ಲಿ ಪೊಟ್ಯಾಶ್ ಇದೆ, ಹಿಕ್ಕೆಯಲ್ಲಿ ರಂಜಕವಿದೆ, ಮಣ್ಣನ್ನು ಸಡಿಲ ಮಾಡುವ ಸಾವಯವ ಪದಾರ್ಥವಿದೆ. ಯೂರಿಯಾ ಚೀಲ ಇವುಗಳಲ್ಲಿ ಒಂದನ್ನೂ ಕೊಡುವುದಿಲ್ಲ. ಹಿಕ್ಕೆಯ ಸಾರಜನಕ ನಿಧಾನವಾಗಿ ಕರಗುವುದರಿಂದ ಅದರ ಫಲ ಮುಂದಿನ ಬೆಳೆಗೂ ಸಿಗುತ್ತದೆ.

ಗೋಮಾಳದ ಗರಿಕೆ, ಕೆರೆಯಂಗಳದ ಹುಲ್ಲು, ಬದುವಿನ ಕಳೆ, ಇವು ಮನುಷ್ಯನ ಊಟಕ್ಕೆ ಒದಗುವಂಥವಲ್ಲ. ಅಲ್ಲಿ ಚದುರಿ ಬಿದ್ದ ಸಾರವನ್ನು ಹಗಲೆಲ್ಲ ಬಾಯಲ್ಲಿ ಕೂಡಿಸಿ ತಂದು ರಾತ್ರಿ ನಮ್ಮ ಗದ್ದೆಗೆ ಇಳಿಸುವ ಪ್ರಾಣಿ ಇದು. ಕುರುಬರಿಗೆ ಕೊಡುವ ಕಾಳನ್ನು ನಾನು ಎಂದೂ ಖರ್ಚು ಎಂದು ಬರೆದಿಟ್ಟಿಲ್ಲ.

ವಿರೋಧ: ಕುರಿ ತಿಂದಿದ್ದೆಷ್ಟು ಎಂದು ಮೊದಲು ಕೇಳಿ

ಮಂದೆ ನಿಲ್ಲಿಸಬೇಡಿ ಎಂದು ನಾನು ಹೇಳುವುದಿಲ್ಲ. ನಾನೂ ನಿಲ್ಲಿಸುತ್ತೇನೆ. ಆದರೆ ಅದನ್ನು ನಂಬಿ ಯೂರಿಯಾ ಬಿಟ್ಟರೆ ಭತ್ತದ ಪೈರು ಹಳದಿಯಾಗುತ್ತದೆ. ಕಾರಣ ತಿಳಿಯಲು ಕುರಿಯ ಹೊಟ್ಟೆಯ ಲೆಕ್ಕವನ್ನೇ ಹಾಕಬೇಕು.

25 ಕಿಲೋ ತೂಗುವ ಬನ್ನೂರು ಕುರಿ ದಿನಕ್ಕೆ ಒಣ ತೂಕದಲ್ಲಿ ಸುಮಾರು 750 ಗ್ರಾಂ ಮೇಯುತ್ತದೆ ಎಂದು ಇಟ್ಟುಕೊಳ್ಳಿ. ಬೇಸಿಗೆಯ ಗೋಮಾಳದ ಹುಲ್ಲಿನಲ್ಲಿ ಪ್ರೋಟೀನ್ ಶೇ 7 ಇದ್ದರೆ ಅದೇ ಪುಣ್ಯ. ಪ್ರೋಟೀನಿನಲ್ಲಿ ಶೇ 16ರಷ್ಟು ಸಾರಜನಕ. ಹಾಗಾದರೆ ಕುರಿಯ ಹೊಟ್ಟೆಗೆ ಇಳಿದದ್ದು 8 ಗ್ರಾಂಗಿಂತ ತುಸು ಹೆಚ್ಚು. ಅದೇ ಕುರಿ ಶೇ 16 ಪ್ರೋಟೀನ್ ಇರುವ ಹಲಸಂದೆ ಸೊಪ್ಪನ್ನು ಮೇದಿದ್ದರೆ 19 ಗ್ರಾಂ ಇಳಿಯುತ್ತಿತ್ತು.

ಈಗ ಹೊರಗೆ ಬರುವುದನ್ನು ನೋಡಿ. ಮೇವು ಯಾವುದಾದರೂ ಹಿಕ್ಕೆಯ ಸಾರಜನಕ ಅಷ್ಟಾಗಿ ಏರಿಳಿಯುವುದಿಲ್ಲ. ತಿಂದ ಒಂದು ಕಿಲೋ ಒಣ ಮೇವಿಗೆ ಅದು ಸುಮಾರು 8 ಗ್ರಾಂ, ನಮ್ಮ ಕುರಿಗೆ 6 ಗ್ರಾಂ. ಏರಿಳಿತವೆಲ್ಲ ಮೂತ್ರದಲ್ಲಿ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಮೇವಿನ ಪ್ರೋಟೀನ್ ಒಡೆದು ಅಮೋನಿಯಾ ಆಗುತ್ತದೆ. ಮೇವು ಸತ್ವದ್ದಾದರೆ ಅಲ್ಲಿನ ಸೂಕ್ಷ್ಮಜೀವಿಗಳು ಬಳಸಿ ಮಿಕ್ಕ ಅಮೋನಿಯಾವನ್ನು ಪಿತ್ತಜನಕಾಂಗ ಯೂರಿಯಾ ಮಾಡಿ ಹೊರಗೆ ಕಳಿಸುತ್ತದೆ. ಹಲಸಂದೆ ತಿಂದ ಕುರಿಯಲ್ಲಿ ಮೂತ್ರದ ಸಾರಜನಕ ದಿನಕ್ಕೆ 10 ಗ್ರಾಂ ದಾಟಬಹುದು. ಒಣಹುಲ್ಲು ತಿಂದ ಕುರಿಯಲ್ಲಿ ಒಂದೆರಡು ಗ್ರಾಂ ಬಂದರೆ ಹೆಚ್ಚು. ಮೇವಿನಲ್ಲಿ ಪ್ರೋಟೀನ್ ಕಡಿಮೆಯಾದಾಗ ಕುರಿಯ ದೇಹ ಯೂರಿಯಾವನ್ನು ಬಿಟ್ಟುಕೊಡದೆ ಜೊಲ್ಲಿನ ಮೂಲಕ ಮತ್ತೆ ಹೊಟ್ಟೆಗೇ ಹಿಂದಿರುಗಿಸಿಕೊಳ್ಳುತ್ತದೆ. ಅಷ್ಟು ಜತನದ ಪ್ರಾಣಿ ಅದು.

ನಮ್ಮಲ್ಲಿ ಮಂದೆ ನಿಲ್ಲುವುದು ಮೇವು ಒಣಗಿದ ತಿಂಗಳುಗಳಲ್ಲಿ. ನೂರು ಕುರಿ, ಹಿಕ್ಕೆ ಮೂತ್ರ ಎರಡೂ ಸೇರಿ ದಿನಕ್ಕೆ ತಲಾ ಏಳೂವರೆ ಗ್ರಾಂ, ಅದರಲ್ಲಿ ರಾತ್ರಿಯದು ಅರ್ಧ. ಒಟ್ಟು 375 ಗ್ರಾಂ ಸಾರಜನಕ. ಯೂರಿಯಾದಲ್ಲಿ ಸಾರಜನಕ ಅರ್ಧಕ್ಕೂ ತುಸು ಕಡಿಮೆ, ಹಾಗಾಗಿ ಇದು ಒಂದು ಕಿಲೋ ಯೂರಿಯಾಕ್ಕೂ ಕಡಿಮೆ. ನೀರಾವರಿ ಭತ್ತಕ್ಕೆ ಹೆಕ್ಟೇರಿಗೆ 100 ಕಿಲೋ ಸಾರಜನಕದ ಶಿಫಾರಸಿದೆ. ಎಕರೆಗೆ 40 ಕಿಲೋ, ಎಂದರೆ ತಲಾ 45 ಕಿಲೋ ಯೂರಿಯಾದ ಎರಡು ಚೀಲ. ನೂರು ಕುರಿ ನೂರಕ್ಕೂ ಹೆಚ್ಚು ರಾತ್ರಿ ಒಂದೇ ಎಕರೆಯಲ್ಲಿ ಮಲಗಬೇಕು. ಸಾವಿರ ಕುರಿಯಾದರೂ ಹತ್ತು ರಾತ್ರಿ ದಾಟುತ್ತದೆ.

ಬಿದ್ದದ್ದೂ ಉಳಿಯುವುದಿಲ್ಲ. ಬಿಸಿಲಿಗೆ ಕಾದ ನೆಲದಲ್ಲಿ ಮೂತ್ರದ ಯೂರಿಯಾ ಬೇಗ ಅಮೋನಿಯಾ ಆಗಿ ಹಾರಿಹೋಗುತ್ತದೆ. ಬೆಳಿಗ್ಗೆ ಮಂದೆ ಎದ್ದ ಜಾಗದಲ್ಲಿ ಮೂಗಿಗೆ ಅಡರುವ ಘಾಟು ನಾವು ಕೊಟ್ಟ ಕಾಳಿನ ಬೆಲೆಯೇ. ಮಣ್ಣಿನಲ್ಲಿ ಉಳಿದದ್ದು ಕೆಲವೇ ವಾರಗಳಲ್ಲಿ ನೀರಿನ ಜೊತೆ ಸುಲಭವಾಗಿ ಇಳಿದುಹೋಗುವ ನೈಟ್ರೇಟ್ ಆಗುತ್ತದೆ. ಫೆಬ್ರುವರಿಯಲ್ಲಿ ಮಂದೆ ನಿಲ್ಲಿಸಿದವನಿಗೆ ಕನ್ನಂಬಾಡಿ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುವುದು ಮಳೆಗಾಲದಲ್ಲಿ. ಅಷ್ಟರಲ್ಲಿ ಮುಂಗಾರಿನ ಮೊದಲ ಮಳೆ ಒಂದಿಷ್ಟು ನೈಟ್ರೇಟನ್ನು ಬೇರಿಗೆ ಸಿಗದ ಆಳಕ್ಕೆ ಇಳಿಸಿರುತ್ತದೆ. ಉಳಿದದ್ದರಲ್ಲಿ ಬಹಳಷ್ಟು, ಗದ್ದೆಗೆ ನೀರು ಕಟ್ಟಿದ ಮೇಲೆ ಅನಿಲವಾಗಿ ಗಾಳಿಗೆ ಸೇರುತ್ತದೆ. ಪೈರಿನ ಪಾಲಿಗೆ ನಿಜವಾಗಿ ದಕ್ಕುವುದು ಹಿಕ್ಕೆಯದು.

ಪರ ಬರೆದವರ ತಂದೆ ತೋರಿಸಿದ ಕಪ್ಪು ಪೈರು ಸುಳ್ಳಲ್ಲ. ಅಂದಿನ ಕುರಿಗಳಿಗೆ ವಿಶಾಲವಾದ ಗೋಮಾಳವಿತ್ತು. ಇಂದು ಅದೇ ಗೋಮಾಳ ತುಂಡು ತುಂಡಾಗಿದೆ. ಕುರಿ ಸಾರಜನಕವನ್ನು ಹುಟ್ಟಿಸುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ. ತರುವ ಜಾಗವೇ ಬರಿದಾದರೆ ಅದು ಏನನ್ನು ತಂದೀತು?

ನಾನು ಮಾಡುವುದು ಇಷ್ಟು. ಮಂದೆಯನ್ನು ಗದ್ದೆಗಿಂತ ಮೊದಲು ರಾಗಿ ಹೊಲಕ್ಕೆ ಕರೆಯುತ್ತೇನೆ, ಅದೂ ಬಿತ್ತನೆ ಹತ್ತಿರವಾದಾಗ. ಹಿಂದಿನ ದಿನ ಎಲ್ಲಿ ಮೇಯಿಸಿದಿರಿ ಎಂದು ಮಂದೆಯವರನ್ನು ಕೇಳುತ್ತೇನೆ. ಮಂದೆ ಎದ್ದ ಬೆಳಿಗ್ಗೆ ಬಿಸಿಲೇರುವ ಮೊದಲೇ ಉಳುತ್ತೇನೆ. ರಾಗಿಗೆ ಅರ್ಧ ಯೂರಿಯಾ ಕಡಿತ ಮಾಡುತ್ತೇನೆ, ಭತ್ತಕ್ಕೆ ಮಾಡುವುದಿಲ್ಲ.