ಹಾಡುವವರಿಗೆ ಯಾವ ದರ್ಜೆ?

ಶಾಂಘೈಯ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಉತ್ತರ ಕನ್ನಡದ ಹಾಲಕ್ಕಿ ಸಮುದಾಯದ ಜಾನಪದ ಗಾಯಕಿ ಸುಕ್ರಿ ಬೊಮ್ಮಗೌಡರ ವಿಡಿಯೊ ಹಾಕಿದ್ದೆ. ಹುನಾನ್ ಪ್ರಾಂತ್ಯದ ಸಹೋದ್ಯೋಗಿಯೊಬ್ಬರು ಊಟ ಬಿಟ್ಟು ಹಾಡಿಗೆ ಕಿವಿಗೊಟ್ಟರು. ಹಾಡು ಮುಗಿದದ್ದೇ, "ಇವರು ಯಾವ ತಂಡದಲ್ಲಿದ್ದರು? ಯಾವ ದರ್ಜೆ?" ಎಂದರು. ಯಾವ ತಂಡವೂ ಇಲ್ಲ, ಅಂಕೋಲೆಯ ಬಡಗೇರಿಯಲ್ಲಿ ಬಡತನದಲ್ಲೇ ಬದುಕಿದವರು ಎಂದೆ. "ಇಂಥ ದನಿಯನ್ನು ನಿಮ್ಮ ಸರ್ಕಾರ ಹಾಗೇ ಬಿಟ್ಟಿತ್ತಾ?" ಆ ಮಾತು ಎದೆಗೆ ನಾಟಿತು.

ಹಾಡುವವರನ್ನು ಸರ್ಕಾರಿ ತಂಡಕ್ಕೆ ಸೇರಿಸಿ, ದರ್ಜೆ ಕೊಟ್ಟು ಸಾಕುವ ದೇಶದವರು; ಅವರ ಲೆಕ್ಕದಲ್ಲಿ ಅದು ಸಹಜ ಪ್ರಶ್ನೆ. ಅವರ ಹುನಾನಿನ ಗುಡ್ಡಗಾಡಿನವರೇ ಗಾಯಕಿ ಸಾಂಗ್ ಜೂಯಿಂಗ್. 1966ರಲ್ಲಿ ಗೂಜಾಂಗ್‌ನಲ್ಲಿ ಹುಟ್ಟಿದ ಮಿಯಾವೊ ಸಮುದಾಯದ ಹುಡುಗಿ. ಬೀಜಿಂಗಿನಲ್ಲಿ ಅಲ್ಪಸಂಖ್ಯಾತ ಸಮುದಾಯಗಳಿಗಾಗಿಯೇ ಇರುವ ಸಂಸ್ಥೆಯಲ್ಲಿ ಓದು, ಜಿನ್ ಟಿಯೆಲಿನ್ ಎಂಬ ಹೆಸರಾಂತ ಗುರುವಿನ ಬಳಿ ಗಾಯನದ ಪಾಠ. 1990ರಲ್ಲಿ ಸರ್ಕಾರಿ ಟಿವಿಯ ಹೊಸವರ್ಷದ ಕಾರ್ಯಕ್ರಮದಲ್ಲಿ, ಅಮ್ಮ ಬೆನ್ನಬುಟ್ಟಿಯಲ್ಲಿ ಮಗು ಹೊತ್ತು ನಡೆಯುವ ಹಾಡು ಹಾಡಿದರು, ದೇಶವೆಲ್ಲ ಗುರುತಿಸಿತು. ಮರುವರ್ಷವೇ ನೌಕಾಪಡೆಯ ಹಾಡು-ಕುಣಿತದ ತಂಡಕ್ಕೆ ಸೇರಿದರು. ಬಂದೂಕು ಹಿಡಿಯಲಿಕ್ಕಲ್ಲ, ಹಾಡಲಿಕ್ಕೆ! ತಿಂಗಳ ಸಂಬಳ, ಸಮವಸ್ತ್ರ, ಬಡ್ತಿ, ಎಲ್ಲವೂ ಹಾಡಿಗೇ. 2002ರಲ್ಲಿ ಸಿಡ್ನಿ ಒಪೆರಾ ಹೌಸ್, 2003ರಲ್ಲಿ ವಿಯೆನ್ನಾದ ಗೋಲ್ಡನ್ ಹಾಲ್. 2008ರ ಬೀಜಿಂಗ್ ಒಲಿಂಪಿಕ್ಸ್ ಸಮಾರೋಪದಲ್ಲಿ ಒಪೆರಾ ಗಾಯಕ ಪ್ಲಾಸಿಡೊ ಡೊಮಿಂಗೊ ಜೊತೆ ಹಾಡಿದರು. ಕೊನೆಗೆ ಆ ತಂಡಕ್ಕೇ ಮುಖ್ಯಸ್ಥೆಯಾದರು.

ಇದು ಒಬ್ಬರ ಅದೃಷ್ಟದ ಕಥೆಯಲ್ಲ. ಈಗ ಷಿ ಜಿನ್‌ಪಿಂಗ್ ಅವರ ಪತ್ನಿಯೆಂದು ಜಗತ್ತು ಬಲ್ಲ ಪೆಂಗ್ ಲಿಯುವಾನ್ ಕೂಡ ಶಾಂಡಾಂಗ್‌ನಿಂದ ಬಂದು 1980ರಲ್ಲಿ ಸೇನೆ ಸೇರಿದ ಗಾಯಕಿ. ಗಂಡನಿಗಿಂತ ಎಷ್ಟೋ ಮೊದಲೇ ಮನೆಮಾತಾಗಿದ್ದವರು. ಸೈನ್ಯಕ್ಕೆ ಹಾಡುಗಾರರೂ ಬೇಕು ಎಂಬ ನಂಬಿಕೆ ಅಲ್ಲಿ ಯೆನಾನ್ ದಿನಗಳಿಂದ, ಅಂದರೆ ಕಮ್ಯುನಿಸ್ಟರು ಯೆನಾನ್ ಊರಿನಲ್ಲಿ ನೆಲೆ ಮಾಡಿಕೊಂಡಿದ್ದ 1940ರ ದಶಕದಿಂದಲೂ ಗಟ್ಟಿಯಾಗಿ ಬೇರೂರಿದೆ.

ನಮ್ಮಲ್ಲಿ? ಸುಕ್ರಜ್ಜಿಗೆ ಪದ್ಮಶ್ರೀ ಬಂದದ್ದು 2017ರಲ್ಲಿ, ಎಂಬತ್ತರ ಆಸುಪಾಸಿನಲ್ಲಿ. ಹಾಲಕ್ಕಿ ಹಾಡುಗಳ ಭಂಡಾರವನ್ನೇ ನೆನಪಿನಲ್ಲಿ ಇಟ್ಟುಕೊಂಡಿದ್ದವರಿಗೆ ನಲವತ್ತರ ಹರೆಯದಲ್ಲಿ ಒಂದು ಸಂಬಳ, ಹತ್ತು ಜನ ಶಿಷ್ಯೆಯರು ಸಿಕ್ಕಿದ್ದರೆ? ಅದು ಬಿಟ್ಟು ನಾವು ಮಾಡುವುದೇನು? ರಾಜ್ಯೋತ್ಸವಕ್ಕೆ ಕರೆಯುತ್ತೇವೆ, ಶಾಲು ಹೊದಿಸುತ್ತೇವೆ, ಮಂತ್ರಿಗಳ ಭಾಷಣ ಮುಗಿಯುವವರೆಗೆ ಕೂರಿಸಿ ಎರಡೇ ನುಡಿ ಹಾಡಿ ಎನ್ನುತ್ತೇವೆ. ಮಾಸಾಶನ ಬೇಕಾದರೆ ಅರ್ಜಿ ಹಿಡಿದು ಅವರೇ ಅಲೆಯಬೇಕು, ಅದೂ ದನಿ ನಡುಗುವ ವಯಸ್ಸಿನಲ್ಲಿ. ನನಗೆ ಸಿಟ್ಟು ಬರುವುದು ಇಲ್ಲೇ.

ಆಕಾಶವಾಣಿ ಇತ್ತಲ್ಲ ಎನ್ನುತ್ತೀರಿ. ಹೌದು, ಧಾರವಾಡದಂಥ ನಿಲಯಗಳು ಕಲಾವಿದರಿಗೆ ಸಂಬಳ ಕೊಟ್ಟು ಸಾಕಿದ್ದವು. ಅದನ್ನು ಒಪ್ಪಲೇಬೇಕು. ಚೀನಾದಲ್ಲಿ ಎಲ್ಲ ಸೊಗಸಾಗಿದೆ ಎಂದೂ ಹೇಳಲಾರೆ. ಒಂದೇ ಬಗೆಯ ಪಾಠದಲ್ಲಿ ಪಳಗಿ ಸಾವಿರ ಜನರದ್ದೂ ಒಂದೇ ದನಿಯಾಯಿತು ಎಂದು ಅವರಲ್ಲೇ ದೂರುವವರಿದ್ದಾರೆ, ಮತ್ತು ಕೇಳಿದರೆ ಅದು ನಿಜವೆನಿಸುತ್ತದೆ. ಬುಟ್ಟಿಯ ಹಾಡಿನ ಜೊತೆಗೆ ಆಳುವ ಕಮ್ಯುನಿಸ್ಟ್ ಪಕ್ಷವನ್ನು ಹೊಗಳುವ ಹಾಡೂ ಹಾಡಬೇಕು. ಕೊಟ್ಟ ಕೈ ಕಿತ್ತುಕೊಳ್ಳಲೂಬಹುದು: 2015ರಲ್ಲಿ ಸೇನೆಯಿಂದ 3 ಲಕ್ಷ ಜನರನ್ನು ಕಡಿತ ಮಾಡುವುದಾಗಿ ಸಾರಿದ ಬಳಿಕ ಇಂಥ ಹಾಡು-ಕುಣಿತದ ತಂಡಗಳೂ ಕರಗಿದವು, ಒಂದರಲ್ಲೊಂದು ವಿಲೀನವಾದವು. ಸುಕ್ರಜ್ಜಿಯಾದರೋ ಊರಿನ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತವರು. ಸಮವಸ್ತ್ರದಲ್ಲಿದ್ದರೆ ಅದಕ್ಕೆ ಮೇಲಿನವರ ಅಪ್ಪಣೆ ಬೇಕಾಗುತ್ತಿತ್ತು. ಆ ಸ್ವಾತಂತ್ರ್ಯವನ್ನು ಯಾವ ಸಂಬಳಕ್ಕೂ ಬಿಟ್ಟುಕೊಡಿ ಎಂದು ನಾನು ಹೇಳಲಾರೆ.

ಆದರೆ ಸ್ವಾತಂತ್ರ್ಯದ ಜೊತೆ ಹಸಿವೂ ಇರಬೇಕೆಂಬ ನಿಯಮ ಎಲ್ಲಿದೆ? ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ನಮ್ಮದೇ ಜಾನಪದ ವಿಶ್ವವಿದ್ಯಾಲಯವಿದೆ. ಅಕ್ಷರ ಬಾರದ ಹಾಡುಗಾರ್ತಿಯರನ್ನು ಅಲ್ಲಿ ಪ್ರಾಧ್ಯಾಪಕರ ಸಂಬಳಕ್ಕೇ ನೇಮಿಸಲಿ. ಸನ್ಮಾನದ ಅತಿಥಿಗಳಾಗಿ ಅಲ್ಲ, ಪಾಠ ಹೇಳುವವರಾಗಿ, ಗಂಟಲು ಗಟ್ಟಿಯಿರುವಾಗಲೇ.