ಸತ್ಯಾಂಶ: 21 ದಿನ ಪ್ಲಾನರ್ ಬರೆಸಿದರೆ ಎಡಿಎಚ್‌ಡಿ ಹೋಗುತ್ತದೆಯೇ?

"ಮಗುವಿನ ಕೈಲಿ 21 ದಿನ ಪ್ಲಾನರ್ ಬರೆಸಿ, ಎಡಿಎಚ್‌ಡಿ ಮಾಯ. ಮಾತ್ರೆ ಬೇಡ, ಡಾಕ್ಟರೂ ಬೇಡ." ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಎಡಿಎಚ್‌ಡಿ ಅಂದರೆ ಗಮನ ನಿಲ್ಲದ, ಒಂದೆಡೆ ಸುಮ್ಮನೆ ಕೂರಲಾಗದ ತೊಂದರೆ. ಪ್ಲಾನರ್ ಅಂದರೆ ದಿನದ ಕೆಲಸಗಳನ್ನು ಬರೆದಿಡುವ ಹಾಳೆ.

ಇದರಲ್ಲಿ ಸ್ವಲ್ಪ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ಪ್ಲಾನರ್ ಕನ್ನಡಕದ ಹಾಗೆ. ಹಾಕಿಕೊಂಡರೆ ಚೆನ್ನಾಗಿ ಕಾಣುತ್ತದೆ, ಕಣ್ಣೇನೂ ಬದಲಾಗುವುದಿಲ್ಲ. ಎಡಿಎಚ್‌ಡಿ ಸೋಮಾರಿತನವಲ್ಲ, ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಹೇಳಿದ್ದನ್ನು ತಲೆಯಲ್ಲಿ ಇಟ್ಟುಕೊಳ್ಳುವುದು, ಸಮಯದ ಅಂದಾಜು ಹಿಡಿಯುವುದು ಈ ಮಕ್ಕಳಿಗೆ ಕಷ್ಟ. ಆ ಭಾರವನ್ನು ಹಾಳೆ ಸ್ವಲ್ಪ ಹೊರುತ್ತದೆ, ಅಷ್ಟೇ.

ಆದರೆ ಪ್ಲಾನರನ್ನೇ ಮರೆತು ಬರುವ ಮಗು ಇದು, ಅಲ್ವಾ? ಸುಮ್ನೆ ಕೊಟ್ಟು ಬಿಟ್ಟರೆ ಆಗದು, ದೊಡ್ಡವರು ದಿನಾ ಜೊತೆಗೆ ಕೂರಬೇಕು. "ಓದು" ಅಂತ ಬರೆದರೆ ಸಾಲದು. "ಗಣಿತ, 3 ಲೆಕ್ಕ, 15 ನಿಮಿಷ" ಅಂತಿರಲಿ. ಮುಗಿದ ಕೂಡಲೇ ಗೀಟು ಹಾಕಿಸಿ, ಶಭಾಷ್ ಅನ್ನಿ. ಪುಟ್ಟವರಿಗೆ ಅಕ್ಷರದ ಬದಲು ಚಿತ್ರ ಸಾಕು.

21 ದಿನದಲ್ಲಿ ಅಭ್ಯಾಸವಾಗುತ್ತದೆ ಅನ್ನುವ ಲೆಕ್ಕವೂ ಗಟ್ಟಿಯಲ್ಲ. ಲಂಡನ್ನಿನ ಒಂದು ಅಧ್ಯಯನದಲ್ಲಿ ಅಭ್ಯಾಸ ಮೈಗೂಡಲು ದೊಡ್ಡವರಿಗೇ ಸರಾಸರಿ 66 ದಿನ ಹಿಡಿದಿತ್ತು.

ಮಾತ್ರೆ ಬೇಕೋ ಬೇಡವೋ ಎಂದು ವೈದ್ಯರೇ ನೋಡಿ ಹೇಳಬೇಕು. 6 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಮೊದಲು ಅಪ್ಪ ಅಮ್ಮನಿಗೇ ತರಬೇತಿ ಕೊಡುತ್ತಾರೆ! ಈಗಾಗಲೇ ಮಾತ್ರೆ ನಡೆಯುತ್ತಿದ್ದರೆ ಫಾರ್ವರ್ಡ್ ನೋಡಿ ನಿಲ್ಲಿಸಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆಂದೇ ವಿಭಾಗವಿದೆ.